ಸಾಮು ಎಂಬ ಮಾತು

ಗುಂಡುಗದೆಗಳ ನೆರವಿಲ್ಲದೆ, ತನ್ನ ಮೈಯ ಭಾರವನ್ನೇ ಸಾಧನವಾಗಿಟ್ಟುಕೊಂಡು ನಡೆಸುವ ವ್ಯಾಯಾಮಕ್ಕೆ ಇಂಗ್ಲಿಷಿನಲ್ಲಿ ‘ಕ್ಯಾಲಿಸ್ತೆನಿಕ್ಸ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕಲ್ಲೋಸ್’ ಎಂದರೆ ಚೆಲುವು, ‘ಸ್ಥೆನೋಸ್’ ಎಂದರೆ ಬಲ. ಈ ಎರಡನ್ನೂ ಬೆಸೆದು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ತಂದ ಮಾತಿದು. ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಉದ್ದುದ್ದ ಸಮಾಸಗಳನ್ನು ಹೊಸೆಯುವುದಕ್ಕೆ ಮೊದಲು ನಮ್ಮ ಗರಡಿಯ ಮಾತನ್ನು ವಿಚಾರಿಸುವುದು ಯುಕ್ತ.

ಬೆಂಗಳೂರಿನ ಗಾಂಧಿನಗರದಿಂದ ಹಳೆಯ ಪೇಟೆಯನ್ನು ಹಾದು ತಿಗಳರಪೇಟೆಯ ಧರ್ಮರಾಯನ ಗುಡಿಯ ಕಡೆಗೆ ಹೋದರೆ, ಅದು ಗರಡಿಗಳ ಸೀಮೆ. ಕರಗದ ವೀರಕುಮಾರರಿಗೂ ಗರಡಿಮನೆಗಳಿಗೂ ಬಹುಕಾಲದ ನಂಟು. ಕೆಮ್ಮಣ್ಣಿನ ಅಂಕಣದಲ್ಲಿ ದಂಡ ಬಸ್ಕಿಗಳನ್ನು ತೆಗೆಯುವುದಕ್ಕೆ ನಮ್ಮವರು ‘ಸಾಮು ಮಾಡುವುದು’ ಎನ್ನುತ್ತಾರೆ.

ಈ ‘ಸಾಮು’ ಸಂಸ್ಕೃತದ ‘ಶ್ರಮ’ ಶಬ್ದದ ತದ್ಭವ. ಶ್ರೇಷ್ಠಿಯು ಸೆಟ್ಟಿಯಾದಂತೆ, ಶ್ರಮಣನು ಸವಣನಾದಂತೆ, ಶ್ರಮವು ಸಾಮುವಾಯಿತು. ಸವಣನೂ ಸಾಮುಗಾರನೂ ಒಂದೇ ಧಾತುವಿನ ಮಕ್ಕಳು: ಒಬ್ಬನದು ತಪಸ್ಸಿನ ದುಡಿಮೆ, ಇನ್ನೊಬ್ಬನದು ಮೈಯ ದುಡಿಮೆ.

ಕನ್ನಡನಾಡಿನಲ್ಲಿ ಈ ಅರ್ಥ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಷಯ ಬರುತ್ತದೆ. ಅವರು ಭಾರವೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಅಭ್ಯಾಸ ಸ್ತಂಭಶ್ರಮ. ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ‘ಶ್ರಮ’ವೆಂಬುದು ವ್ಯಾಯಾಮದ ಪಾರಿಭಾಷಿಕ ಪದವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇತರ ಮಾತುಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ‘ವ್ಯಾಯಾಮ’ವೆಂದರೆ ಅಂಗಗಳನ್ನು ಚಾಚುವುದು. ‘ಕಸರತ್ತು’ ಹಿಂದುಸ್ತಾನಿಯ ಮೂಲಕ ಬಂದ ಅರಬ್ಬಿ ಮಾತು. ಅದರ ಮೂಲಾರ್ಥ ಹೆಚ್ಚಳ, ಎಂದರೆ ಮತ್ತೆಮತ್ತೆ ಮಾಡುವುದು. ಗ್ರೀಕ್ ಮೂಲದ ಹೆಸರು ಫಲವಾದ ಚೆಲುವನ್ನು ಹೇಳಿದರೆ, ಸಾಮು ಫಲದ ಮಾತನ್ನೇ ಎತ್ತದೆ ಪಡುವ ಪಾಡನ್ನು ಹೇಳುತ್ತದೆ. ಚೆಲುವಿನ ಆದರ್ಶವೂ ನಮಗೆ ಹೊರಗಿನದಲ್ಲ. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಬರೆದ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ಅದನ್ನು ತಮ್ಮ ಮೈಯಲ್ಲಿಯೇ ತೋರಿಸಿದರು. ತಮ್ಮ ವ್ಯಾಯಾಮಶಾಲೆಗೆ ಹರ್ಕ್ಯುಲೀಸನ ಹೆಸರನ್ನಿಟ್ಟರು. ಆದರೆ ಆ ರೂಪಕ್ಕೂ ಬೆವರೇ ಬೆಲೆಯಲ್ಲವೆ?

ಕತ್ತಿ ಹಿಡಿದರೆ ಕತ್ತಿಸಾಮು, ಕೋಲು ಹಿಡಿದರೆ ಕೋಲುಸಾಮು. ಕೈಯಲ್ಲಿ ಏನೂ ಇಲ್ಲದಿರುವಾಗ ‘ಮೈಸಾಮು’ ಎಂದರೆ ಸಾಕು. ಹಳ್ಳಿಯವನಿಗೆ ಅದು ತಿಳಿಯುತ್ತದೆ. ವೈಯಾಕರಣನೂ ಅದನ್ನು ತಳ್ಳಿಹಾಕಲಾರನು.