ಗ್ರೇಲಿಂಗ್‌ವೆಲ್‌ನ ಹಳೆಯ ಕಡತಗಳು

ಇಂಗ್ಲೆಂಡಿನ ಚಿಚೆಸ್ಟರ್‌ ಊರಂಚಿಗೆ ಗ್ರೇಲಿಂಗ್‌ವೆಲ್ ಎಂಬ ಮನೋರೋಗಾಸ್ಪತ್ರೆಯಿತ್ತು. ಶುರುವಾದದ್ದು 1897ರಲ್ಲಿ, ಈಗ ಅಲ್ಲಿ ಜನ ಮನೆ ಮಾಡಿಕೊಂಡಿದ್ದಾರೆ. ನಾನು ಆ ಊರು ಕಂಡವನಲ್ಲ. ಆದರೆ ಧಾರವಾಡದಲ್ಲಿ ಕೂತು ಮುದುಕರ ಮರೆವು ನೋಡುತ್ತಲೇ ನೌಕರಿ ಮುಗಿಸಿದ ನನ್ನಂಥ ಮನೋವೈದ್ಯನಿಗೆ ಅದು ತವರುಮನೆಯಿದ್ದಂತೆ.

ಆ ಕಾಲದ ವೈದ್ಯರಲ್ಲಿ ಬಹಳ ಮಂದಿ ಇಳಿವಯಸ್ಸಿನ ಮಂಕು, ಸಂಶಯ, ಭ್ರಮೆ ಎಲ್ಲವನ್ನೂ ಮಿದುಳು ಸವೆಯುವುದರ ಮೊದಲ ಮೆಟ್ಟಿಲು ಎಂದೇ ಎಣಿಸಿದ್ದರು. ಅರವತ್ತಕ್ಕೆ ಅರಳುಮರಳು ಎಂದು ನಾವೂ ಕೈಬಿಡುತ್ತೇವಲ್ಲ, ಹಾಗೆ. ಅವರ ಎಣಿಕೆಗೆ ಆಧಾರವಿರಲಿಲ್ಲ ಎನ್ನಲಾರೆ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ವೈದ್ಯ ಅಲ್ಝೈಮರ್ ನೋಡಿದ 51 ವರ್ಷದ ಆಗುಸ್ಟೆ ಡಿ.ಯ ಕಾಯಿಲೆ ಮೊದಲು ಕಾಣಿಸಿಕೊಂಡದ್ದೇ ಗಂಡನ ಮೇಲಿನ ಸಂಶಯವಾಗಿ. ಮರೆವು ಬೆನ್ನಿಗೇ ಬಂತು. ಮೊದಲ ದಿನವೇ ಅವಳನ್ನು ಕಂಡವರು ಇದು ಬರೀ ಮನಸ್ಸಿನ ಕಾಯಿಲೆ ಎಂದಿದ್ದರೂ ತಪ್ಪು ಹುಡುಕುವುದು ಕಷ್ಟ; ಲಕ್ಷಣವಷ್ಟನ್ನೇ ನೋಡಿ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

ಗ್ರೇಲಿಂಗ್‌ವೆಲ್‌ನಲ್ಲಿ ಸಂಶೋಧನೆಯ ಹೊಣೆ ಹೊತ್ತವರು ಬುಡಾಪೆಸ್ಟಿನಲ್ಲಿ ಹುಟ್ಟಿದ ಮಾರ್ಟಿನ್ ರಾತ್. ಅವರು ಲಕ್ಷಣಗಳನ್ನು ಇನ್ನಷ್ಟು ಕೆದಕುತ್ತ ಕೂರಲಿಲ್ಲ. 60 ದಾಟಿದ 450 ರೋಗಿಗಳ ಕಡತ ತೆಗೆದು, ದಾಖಲಾದಾಗಿನ ಚಿತ್ರ ನೋಡಿ ಐದು ಗುಂಪು ಮಾಡಿದರು: ಖಿನ್ನತೆಯಂಥ ಭಾವದ ಕಾಯಿಲೆ, ಮುಪ್ಪಿನ ಡಿಮೆನ್ಷಿಯಾ, ರಕ್ತನಾಳ ಗಡಸಾಗಿ ಬಂದದ್ದು, ಸನ್ನಿ, ತಡವಾಗಿ ಬಂದ ಭ್ರಮೆಯ ಕಾಯಿಲೆ. ಆಮೇಲೆ ಗುಮಾಸ್ತನೂ ಉತ್ತರಿಸಬಹುದಾದ ಪ್ರಶ್ನೆ ಕೇಳಿದರು. ಆರು ತಿಂಗಳಿಗೆ ಈ ಮನುಷ್ಯ ಎಲ್ಲಿದ್ದಾನೆ? ಎರಡು ವರ್ಷಕ್ಕೆ? ಮನೆಗೆ ಹೋದನೆ, ವಾರ್ಡಿನಲ್ಲೇ ಉಳಿದನೆ, ತೀರಿಕೊಂಡನೆ? ಆರೇ ತಿಂಗಳಲ್ಲಿ ಮುಪ್ಪಿನ ಡಿಮೆನ್ಷಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಖಿನ್ನತೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆ ಸೇರಿದ್ದರು. ಒಂದೇ ಕಾಯಿಲೆಯಾಗಿದ್ದರೆ ದಾರಿ ಹೀಗೆ ಕವಲೊಡೆಯುತ್ತಿರಲಿಲ್ಲ. ಇದು ಅಚ್ಚಾದದ್ದು 1955ರಲ್ಲಿ. ಖಿನ್ನತೆಯನ್ನು ಗುಣಪಡಿಸಬಲ್ಲ, ಜನ ‘ಕರೆಂಟು ಕೊಡೋದು’ ಎನ್ನುವ ಚಿಕಿತ್ಸೆ 1938ರಲ್ಲೇ ರೋಮಿನಲ್ಲಿ ಶುರುವಾಗಿತ್ತು. ಗುಣವಾಗುವ ಖಿನ್ನತೆಗೆ ಅರಳುಮರಳು ಎಂದು ಚೀಟಿ ಅಂಟಿಸಿದರೆ ಇನ್ನು ಮುಂದೆ ಅದು ಸಣ್ಣ ತಪ್ಪಲ್ಲ.

1961ರಲ್ಲಿ ಮನೋವೈದ್ಯ ಲೆಸ್ಲಿ ಕಿಲೋ, ಡಿಮೆನ್ಷಿಯಾದ ವೇಷದಲ್ಲಿ ಬಂದು ಗುಣವಾದ ರೋಗಿಗಳ ಬಗ್ಗೆ ಬರೆದರು. ಇಂಥವರಿಗೂ ನಿಜವಾದ ಡಿಮೆನ್ಷಿಯಾದವರಿಗೂ ಇರುವ ವ್ಯತ್ಯಾಸಗಳೆಂದು 1979ರಲ್ಲಿ ಚಾರ್ಲ್ಸ್ ವೆಲ್ಸ್ ಕೊಟ್ಟ ಪಟ್ಟಿಯನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು. ಪಟ್ಟಿ ಬಿಡಿ, ಎದುರಿಗೆ ಕೂತವರನ್ನು ನೋಡಿ ಎನ್ನುತ್ತಿದ್ದೆ ನಾನು. “ಮುಂಜಾನಿ ಏನ್ ತಿಂದ್ರಿ ಅಜ್ಜಿ?” ಎಂದರೆ ಒಬ್ಬಾಕೆ ನೆಲ ನೋಡುತ್ತ, “ನನಗೇನೂ ನೆಪ್ಪ ಉಳಿಯಂಗಿಲ್ಲಪಾ, ತಲೀನ ಸತ್ತ ಹೋಗೇತಿ” ಎನ್ನುತ್ತಾಳೆ. ಇನ್ನೊಬ್ಬಾಕೆ ನಗುನಗುತ್ತ, “ರೊಟ್ಟಿ ಪಲ್ಯ ತಿಂದ್ನೆಪಾ” ಎಂದು ಮಗನ ಮುಖ ನೋಡುತ್ತಾಳೆ; ಮಗ ಮೆಲ್ಲಗೆ “ಉಪ್ಪಿಟ್ಟು ರೀ” ಎನ್ನುತ್ತಾನೆ. ಮರೆವನ್ನು ದೂರುವಾಕೆಗೆ ಖಿನ್ನತೆಯ ಸಂಭವ ಹೆಚ್ಚು, ಮುಚ್ಚಿಕೊಳ್ಳುವಾಕೆಗೆ ಡಿಮೆನ್ಷಿಯಾದ್ದು. ಯಾವಾಗಿನಿಂದ ಎಂದು ಮನೆಯವರನ್ನು ಕೇಳಬೇಕು. ಮೊದಲನೆಯಾಕೆಯ ಮನೆಯವರು ತಿಂಗಳು ಹೇಳುತ್ತಾರೆ, “ಪಂಚಮಿ ಆದಮ್ಯಾಲೆ” ಎಂದು. ಎರಡನೆಯಾಕೆಯ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇತ್ತ ರಾತ್ ಗ್ರೇಲಿಂಗ್‌ವೆಲ್ ಬಿಟ್ಟು ನ್ಯೂಕ್ಯಾಸಲ್‌ಗೆ ಹೋಗಿದ್ದರು. ಅಲ್ಲಿ ಬ್ಲೆಸ್ಡ್, ಟಾಮ್ಲಿನ್ಸನ್ ಜೊತೆ ಸೇರಿ, ಬದುಕಿದ್ದಾಗ ಪರೀಕ್ಷಿಸಿದ್ದ ಮುದುಕರ ಮಿದುಳನ್ನು ಸತ್ತ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿನ ಕಲೆಗಳನ್ನು (ಪ್ಲಾಕ್) ಎಣಿಸಿದರು. 1968ರಲ್ಲಿ ಬಂದ ಆ ಲೆಕ್ಕ ಗ್ರೇಲಿಂಗ್‌ವೆಲ್‌ನ ಕಡತಗಳ ಮಾತನ್ನೇ ಎತ್ತಿಹಿಡಿಯಿತು: ಮರೆವು ಹೆಚ್ಚಿದಷ್ಟೂ ಕಲೆ ಹೆಚ್ಚು.

ಕಥೆ ಇಲ್ಲಿಗೇ ನಿಂತಿದ್ದರೆ ನಮ್ಮ ಕೆಲಸ ಸುಲಭವಿತ್ತು. 1993ರಲ್ಲಿ ನ್ಯೂಯಾರ್ಕಿನ ಅಲೆಕ್ಸೋಪೌಲಸ್ ತಂಡ, ಖಿನ್ನತೆಯ ಜೊತೆ ಮರೆವೂ ಬಂದು ಎರಡೂ ವಾಸಿಯಾದ ವೃದ್ಧರನ್ನು ವರ್ಷಗಟ್ಟಲೆ ಗಮನಿಸಿ ಕಂಡದ್ದನ್ನು ಪ್ರಕಟಿಸಿತು. ಮರೆವಿಲ್ಲದೆ ಬರೀ ಖಿನ್ನತೆಯಿದ್ದವರಿಗಿಂತ ಇವರಲ್ಲೇ ನಿಜವಾದ ಡಿಮೆನ್ಷಿಯಾ ಹೆಚ್ಚಾಗಿ ಬಂತು. ಹಾಗೆಂದು ರಾತ್ ಎಳೆದ ಗೆರೆ ಅಳಿಸಿಹೋಯಿತು ಎಂದಲ್ಲ; ಗುಣವಾಗಿ ಮನೆಗೆ ಹೋದವರನ್ನೂ ವರ್ಷ ವರ್ಷ ಕರೆಸಿ ನೋಡಬೇಕಾಯಿತು. ಮನೆಯವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. “ಅವ್ವ ಈಗ ಆರಾಮ ಅದಾಳ್ರೀ, ಮತ್ಯಾಕ ಬರಬೇಕು?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಮುಂದಿನ ತಾರೀಖು ಬರೆದುಕೊಟ್ಟೇ ಕಳಿಸುತ್ತಿದ್ದೆ.