ತಾಂಬೂಲದ ತಟ್ಟೆಯಲ್ಲಿ ಕಠಾರಿ

ಡಿಸೆಂಬರ್ ಬಂತೆಂದರೆ ಹಂಪಿಯ ತುಂಬ ಶಾಲಾ ಮಕ್ಕಳು. ದೂರದ ಊರುಗಳಿಂದಷ್ಟೇ ಅಲ್ಲ, ಹೊಸಪೇಟೆ, ಸಂಡೂರು, ಕಂಪ್ಲಿಯಿಂದಲೂ ಬರುತ್ತಾರೆ. ಇಲ್ಲಿನ ಭೀಮನ ಬಾಗಿಲನ್ನು ಹೊಕ್ಕರೆ ದಾರಿ ನೇರವಾಗಿ ಸಾಗುವುದಿಲ್ಲ, ಒಳಗೆ ತಿರುಗುತ್ತದೆ. ಬರುವವನು ಕುದುರೆಯ ಮೇಲಿದ್ದರೂ ನಿಧಾನಿಸಲೇಬೇಕು. ಅವನ ಕೈಯಲ್ಲೇನಿದೆ ಎಂದು ನೋಡಲು ಕಾವಲಿನವನಿಗೆ ಅಷ್ಟು ಹೊತ್ತು ಸಾಕು.

1443ರ ಏಪ್ರಿಲ್‌ನಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕ್, ಇಂಥ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದ. ಆದರೆ ಅವನು ಬರುವ ಸ್ವಲ್ಪ ಮೊದಲು ಅಷ್ಟೂ ಸುತ್ತುಗಳ ಒಳಗೆ ನಡೆದದ್ದನ್ನೂ ಅವನೇ ದಾಖಲಿಸಿದ್ದಾನೆ. ಇಮ್ಮಡಿ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ ಗಣ್ಯರನ್ನೆಲ್ಲ ಊಟಕ್ಕೆ ಕರೆದ. ಒಬ್ಬೊಬ್ಬರನ್ನೇ ಒಳಗೆ ಕರೆಸಿಕೊಂಡು ಕೊಲ್ಲಿಸಿದ. ಚೀರಾಟ ಹೊರಗೆ ಕೇಳದಂತೆ ವಾದ್ಯಗಳು ಮೊಳಗುತ್ತಿದ್ದವು. ಅರಮನೆಯ ಕಾವಲಿನವರಿಗೂ ಅದೇ ಗತಿಯಾಯಿತು. ಕೊನೆಗೆ ಅಡಿಕೆ ತುಂಬಿದ ತಟ್ಟೆಯ ಅಡಿಯಲ್ಲಿ ಕಠಾರಿ ಅಡಗಿಸಿಕೊಂಡು ಅಣ್ಣನ ಬಳಿಗೇ ಹೋಗಿ, ಎಲ್ಲರೂ ತಮಗಾಗಿ ಕಾಯುತ್ತಿದ್ದಾರೆ ಎಂದ. ಮೈ ಸರಿಯಿಲ್ಲವೆಂದ ಅರಸನನ್ನು ಅಲ್ಲೇ ಇರಿದ. ದೇವರಾಯ ಹೇಗೋ ಬದುಕಿಕೊಂಡ. ತಮ್ಮನನ್ನು ಜನರೇ ಕೊಂದರು. ಮುಂದೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಕಥೆಯಲ್ಲಿ ವಿವರಗಳು ಬೇರೆ. ಆದರೆ ಕೊಲೆಗಾರ ಅಲ್ಲೂ ಅರಸನ ರಕ್ತಸಂಬಂಧಿಯೇ.

ಏಳು ಸುತ್ತಿನ ಕೋಟೆ ಇದ್ದದ್ದು ಹೊರಗಿನವರಿಗಾಗಿ. ತಮ್ಮನ ತಟ್ಟೆಯನ್ನು ಎತ್ತಿ ನೋಡುವವರು ಯಾರು?

ಕೃಷ್ಣದೇವರಾಯನ ಕಾಲಕ್ಕೆ ಬಂದ ಡೊಮಿಂಗೊ ಪಾಯಸ್ ಅರಮನೆಯ ಬಾಗಿಲಲ್ಲಿ ಕಂಡದ್ದನ್ನು ಬರೆದಿದ್ದಾನೆ. ಮಹಾನವಮಿಯ ಹೊತ್ತಿನಲ್ಲಿ ಅಲ್ಲಿ ಚಾವಟಿ, ಕೋಲು ಹಿಡಿದ ದ್ವಾರಪಾಲಕರು ನಿಂತಿರುತ್ತಿದ್ದರು. ಅರಮನೆ ನೋಡಲು ಹೋದ ಅವನನ್ನೂ ಜೊತೆಗಾರರನ್ನೂ ತಲೆ ಎಣಿಸಿ, ಒಬ್ಬೊಬ್ಬರನ್ನಾಗಿ ಒಳಬಿಟ್ಟರು.

ಈಗ ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಾಲೆಯ ಬಾಗಿಲಲ್ಲೂ ಶಾಲಾ ಪಂದ್ಯಗಳಲ್ಲೂ ಆಯುಧ ತಪಾಸಣೆ ಕಡ್ಡಾಯವಾಗಬೇಕೆಂಬ ಮಸೂದೆಗಳ ಚರ್ಚೆ ನಡೆದಿದೆ. 1999ರ ಏಪ್ರಿಲ್ 20ರಂದು ಕೊಲಂಬೈನ್ ಪ್ರೌಢಶಾಲೆಯಲ್ಲಿ ಗುಂಡು ಹಾರಿಸಿದವರು ಅದೇ ಶಾಲೆಯ ಇಬ್ಬರು ವಿದ್ಯಾರ್ಥಿಗಳು. ಅಲ್ಲಿಯೂ ಅಪಾಯ ಬಂದದ್ದು ಒಳಗಿನವರಿಂದಲೇ. ಹಾಗಾಗಿ ಯಾರಿಗೂ ವಿನಾಯಿತಿ ಕೊಡದ ತಪಾಸಣೆ ಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವಿಜಯನಗರದಲ್ಲಿ ಇಲ್ಲದ್ದು ಅದೇ. ಆದರೆ ಯಂತ್ರ ಲೋಹವನ್ನಷ್ಟೇ ಹಿಡಿಯುತ್ತದೆ. ತಮ್ಮನ ಮನಸ್ಸಿನಲ್ಲಿ ಹಗೆ ಬೆಳೆದದ್ದು ಮನೆ ಕಟ್ಟಿಸುವುದಕ್ಕೂ ಮೊದಲೇ ಇರಬೇಕು. ಪ್ರತಿದಿನ ಬೆಳಿಗ್ಗೆ ಚೀಲ ತೆರೆದು ತೋರಿಸಿ ಒಳಹೋಗುವ ಮಗು, ತನ್ನನ್ನು ಇಲ್ಲಿ ಯಾರೂ ನಂಬುವುದಿಲ್ಲ ಎಂಬ ಪಾಠವನ್ನೂ ಕಲಿತೀತು.

ಹಂಪಿಯ ಬಾಗಿಲುಗಳಿಗೆ ಈಗ ಕದಗಳಿಲ್ಲ. ಆದರೂ ಪ್ರವಾಸಕ್ಕೆ ಬಂದ ಶಾಲೆಯ ಮೇಷ್ಟ್ರು ಅಲ್ಲಿ ನಿಂತು, ಒಂದು, ಎರಡು, ಮೂರು ಎಂದು ಮಕ್ಕಳ ತಲೆ ಮುಟ್ಟಿ ಎಣಿಸುತ್ತಾರೆ. ಪಾಯಸನನ್ನು ಎಣಿಸಿದ್ದು ಅವನು ಹೊರಗಿನವನೆಂದು. ಮೇಷ್ಟ್ರು ಎಣಿಸುವುದು ಒಬ್ಬರೂ ತಪ್ಪಿಹೋಗಬಾರದೆಂದು. ಬಾಗಿಲಲ್ಲಿ ಯಂತ್ರ ಬಂದರೂ ಈ ಎರಡನೆಯ ಎಣಿಕೆ ನಿಲ್ಲಬಾರದು. ತಟ್ಟೆ ಹಿಡಿದು ಬಂದವನ ಮುಖವನ್ನೂ ನೋಡಬಲ್ಲವರು ಹಾಗೆ ಎಣಿಸುವವರೇ.