ಹೆಚ್ಚುವರಿ ಆಹಾರ ದಾನದ ನಿಯಮಗಳು (ಶಿವಮೊಗ್ಗ ಮತ್ತು ಭದ್ರಾವತಿ)

ಹೆಚ್ಚುವರಿ ಆಹಾರ ದಾನವೆಂದರೆ ಹೋಟೆಲು, ಬೇಕರಿ, ದಿನಸಿ ಮಳಿಗೆ, ಕಲ್ಯಾಣ ಮಂಟಪ ಮೊದಲಾದೆಡೆ ಬಳಕೆಯಾಗದೆ ಉಳಿದ, ತಿನ್ನಲು ಯೋಗ್ಯವಾದ ಆಹಾರವನ್ನು ಅಗತ್ಯವುಳ್ಳವರಿಗೆ ಉಚಿತವಾಗಿ ತಲುಪಿಸುವುದು. ಶಿವಮೊಗ್ಗ ನಗರ ಮತ್ತು ಭದ್ರಾವತಿಯ ವ್ಯಾಪಾರಿಗಳು ಹೀಗೆ ದಾನ ಮಾಡಲೇಬೇಕೆಂದು ದೇಶದ ಆಹಾರ ಸುರಕ್ಷತಾ ಕಾನೂನು ಹೇಳುವುದಿಲ್ಲ. ದಾನ ಮಾಡಲು ಮುಂದಾದವರು ಹೇಗೆ ಮಾಡಬೇಕೆಂಬುದನ್ನು ಮಾತ್ರ ಅದು ವಿಧಿಸುತ್ತದೆ.

ಕಾನೂನಿನ ಚೌಕಟ್ಟು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಯ ಕುರಿತು 2019ರಲ್ಲಿ ವಿನಿಯಮಗಳನ್ನು ಹೊರಡಿಸಿತು. ಇವು 2020ರ ಜುಲೈ 1ರಿಂದ ಜಾರಿಗೆ ಬಂದವು. ವ್ಯಾಪಾರ ಸಂಸ್ಥೆಗಳಲ್ಲಿ ಉಳಿದದ್ದಷ್ಟೇ ಅಲ್ಲದೆ ಮದುವೆಯಂತಹ ಸಮಾರಂಭಗಳಲ್ಲಿ ಉಳಿದ ಸುರಕ್ಷಿತ ಆಹಾರವೂ ಇವುಗಳ ವ್ಯಾಪ್ತಿಗೆ ಸೇರುತ್ತದೆ. ಬಡಿಸದೆ ಪಾತ್ರೆಯಲ್ಲೇ ಉಳಿದ ಅನ್ನ, ಹುಳಿಗಳನ್ನು ದಾನಕ್ಕೆ ಪರಿಗಣಿಸಬಹುದು. ಎಲೆಯಲ್ಲಿ ಬಿಟ್ಟ ಎಂಜಲನ್ನು ಪರಿಗಣಿಸುವಂತಿಲ್ಲ.

ಆಹಾರವನ್ನು ಪಡೆದು ಹಂಚುವ ಸಂಸ್ಥೆಯು ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಕಾಯ್ದೆಯಲ್ಲಿ ‘ಆಹಾರ ಉದ್ಯಮ’ ಎಂಬುದು ಲಾಭರಹಿತ ಚಟುವಟಿಕೆಯನ್ನೂ ಒಳಗೊಳ್ಳುವುದರಿಂದ, ಸೇವಾಮನೋಭಾವದ ಯುವಕರ ತಂಡವೂ ಇದರಿಂದ ಹೊರತಲ್ಲ. ದಾನಿಯು ಹೆಚ್ಚುವರಿ ಆಹಾರವನ್ನು ಇತರ ಆಹಾರದಿಂದ ಬೇರ್ಪಡಿಸಿಡಬೇಕು. ಬೇಯಿಸಿದ ಆಹಾರವಾದರೆ ಅದರ ಹೆಸರು, ಎಲ್ಲಿಂದ ಬಂದಿತು, ತಯಾರಿಸಿದ ದಿನ, ಸಸ್ಯಾಹಾರವೋ ಮಾಂಸಾಹಾರವೋ ಎಂಬ ವಿವರಗಳು ಜೊತೆಗಿರಬೇಕು. ಹಂಚುವ ಸಂಸ್ಥೆಯು ದಾನಿಯ ವಿಳಾಸ, ಪ್ರಮಾಣ, ದಿನಾಂಕಗಳ ದಾಖಲೆ ಇಡಬೇಕು.

ಸುರಕ್ಷತೆ ಮತ್ತು ಹೊಣೆ

ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆಂಬುದು ಸಾಮಾನ್ಯ ಸೂತ್ರ. ಇವೆರಡರ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಮಧ್ಯಾಹ್ನದ ಮದುವೆ ಊಟದಲ್ಲಿ ಉಳಿದದ್ದು ಸಂಜೆಯ ವೇಳೆಗೆ ಯಾರಿಗೋ ತಲುಪಬೇಕಾದಾಗ ತೊಡಕಾಗುವುದು ಇಲ್ಲಿಯೇ. ಕಾಯಿ ಚಟ್ನಿ, ಕೋಸಂಬರಿ, ಮೊಸರನ್ನ ಬೇಗ ಹಳಸುತ್ತವೆ. ಲಾಡು, ಚಿರೋಟಿಯಂತಹ ಒಣ ತಿನಿಸುಗಳು ಹೆಚ್ಚು ಕಾಲ ನಿಲ್ಲುತ್ತವೆ.

ಕಾಯ್ದೆಯ 59ನೆಯ ಸೆಕ್ಷನ್ ಅಸುರಕ್ಷಿತ ಆಹಾರವನ್ನು ಮಾರುವವರ ಜೊತೆಗೆ ‘ಹಂಚುವವರನ್ನೂ’ ಹೆಸರಿಸುತ್ತದೆ. ಅಂತಹ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದ ಸೆರೆವಾಸ ಮತ್ತು ಕನಿಷ್ಠ 10 ಲಕ್ಷ ರೂಪಾಯಿ ದಂಡವಿದೆ. ಉಳಿದ ಅನ್ನವನ್ನು ಕೊಡುವುದಕ್ಕಿಂತ ಚೆಲ್ಲುವುದೇ ಕ್ಷೇಮವೆಂದು ಹೋಟೆಲಿನವರಿಗೆ ತೋರಿದರೆ ಆಶ್ಚರ್ಯವಿಲ್ಲ. ಸರಿಯಾದ ದಾಖಲೆ ಮತ್ತು ನೋಂದಾಯಿತ ಸಂಸ್ಥೆಯ ಮೂಲಕ ವಿತರಣೆ, ಈ ಭಯವನ್ನು ಕಡಿಮೆ ಮಾಡುವ ಮಾರ್ಗಗಳು.

ಸ್ಥಳೀಯ ಆಡಳಿತ

ಆಹಾರ ಸುರಕ್ಷತೆಯ ವಿಷಯದಲ್ಲಿ ಎರಡೂ ಊರುಗಳು ಜಿಲ್ಲಾ ಅಂಕಿತಾಧಿಕಾರಿಯ ವ್ಯಾಪ್ತಿಗೆ ಬರುತ್ತವೆ. ವಾರ್ಷಿಕ ವಹಿವಾಟು ನಿಗದಿತ ಮಿತಿಯೊಳಗೆ ಇರುವವರಿಗೆ ನೋಂದಣಿ ಸಾಕು. ತ್ಯಾಜ್ಯದ ವಿಷಯದಲ್ಲಿ ಮಾತ್ರ ಹೊಣೆ ಬೇರೆಬೇರೆ: ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ, ಭದ್ರಾವತಿಯಲ್ಲಿ ನಗರಸಭೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೋಟೆಲುಗಳು ಹಸಿ ಕಸವನ್ನು ಬೇರ್ಪಡಿಸಿ, ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಜೈವಿಕ ಅನಿಲವಾಗಿಸಬೇಕೆಂದು ವಿಧಿಸಿದವು. ಪರವಾನಗಿಯಿಲ್ಲದ ಸ್ಥಳದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ 3 ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಹೇಳಿದವು. ಕಸವಾದ ಮೇಲಿನ ಅನ್ನಕ್ಕೆ ಕಡ್ಡಾಯ ನಿಯಮವಿದ್ದು, ಕಸವಾಗುವ ಮುನ್ನ ಅದನ್ನು ಕೊಡಲು ಕಡ್ಡಾಯವಿಲ್ಲ ಎಂಬುದು ಇಲ್ಲಿ ಗಮನಾರ್ಹ.

ವ್ಯರ್ಥದ ಪ್ರಮಾಣ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ವ್ಯರ್ಥವಾಗುತ್ತದೆಂದು ಅಂದಾಜಿಸಿತ್ತು.

ಇತರ ದೇಶಗಳಲ್ಲಿ

ಫ್ರಾನ್ಸ್ 2016ರ ಕಾಯ್ದೆಯ ಮೂಲಕ 400 ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ದತ್ತಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕೆಂದು ವಿಧಿಸಿತು; ಮಾರಾಟವಾಗದ ಆಹಾರವನ್ನು ಉದ್ದೇಶಪೂರ್ವಕವಾಗಿ ಕೆಡಿಸುವುದನ್ನೂ ನಿಷೇಧಿಸಿತು. ಅಮೆರಿಕದ 1996ರ ಕಾಯ್ದೆಯು ಸದುದ್ದೇಶದಿಂದ ಕೊಟ್ಟ ದಾನಿಗೆ, ಘೋರ ನಿರ್ಲಕ್ಷ್ಯದ ಸಂದರ್ಭವನ್ನು ಬಿಟ್ಟು, ಕಾನೂನಿನ ರಕ್ಷಣೆ ನೀಡುತ್ತದೆ.